ಬಿಚ್ಚಿ ಜೋಡಿಸಿ ಕಲಿತ ಜಿ.ಡಿ. ನಾಯ್ಡು

ಪಂಪು, ಮೋಟಾರುಗಳಿಗೆ ಕೊಯಮತ್ತೂರು ಹೆಸರಾಗಲು ಕಾರಣರಾದವರಲ್ಲಿ ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಪ್ರಮುಖರು. 1893ರಲ್ಲಿ ಸಮೀಪದ ಕಲಂಗಲ್ ಗ್ರಾಮದಲ್ಲಿ ಜನಿಸಿದ ಅವರಿಗೆ ಶಾಲೆ ರುಚಿಸಲಿಲ್ಲ. ಓದು ಪ್ರಾಥಮಿಕ ತರಗತಿಯಲ್ಲೇ ನಿಂತಿತು.

ಒಮ್ಮೆ ಬ್ರಿಟಿಷ್ ಅಧಿಕಾರಿಯೊಬ್ಬನ ಮೋಟಾರ್ ಸೈಕಲು ಅವರ ಕಣ್ಣಿಗೆ ಬಿತ್ತು. ಅಂಥದೊಂದನ್ನು ಕೊಳ್ಳಲೆಂದೇ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ಹಣ ಕೂಡಿಟ್ಟರು. ಕೊಂಡ ವಾಹನವನ್ನು ಭಾಗಭಾಗವಾಗಿ ಬಿಚ್ಚಿದರು, ಮರಳಿ ಜೋಡಿಸಿದರು. ಅದೇ ಅವರ ಪಾಠಶಾಲೆಯಾಯಿತು.

1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದು ಬಸ್ಸು ಓಡಿಸತೊಡಗಿದರು. ಅದು ಬೆಳೆದು ದೊಡ್ಡ ಸಂಸ್ಥೆಯಾಯಿತು. 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರೊಡಗೂಡಿ ಭಾರತದ ಮೊದಲ ವಿದ್ಯುತ್ ಮೋಟಾರನ್ನು ತಯಾರಿಸಿದರೆಂಬ ಕೀರ್ತಿ ಅವರದು.

1945ರಲ್ಲಿ ಅವರ ನೆರವಿನಿಂದ ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಶಾಲೆ ಬಿಟ್ಟ ಹುಡುಗ ಅದರ ಪ್ರಾಂಶುಪಾಲರಾದರು! ನಾಲ್ಕು ವರ್ಷದ ವ್ಯಾಸಂಗ ದಂಡ, ಎರಡೇ ಸಾಕೆಂದು ವಾದಿಸಿದರು. ಸರಕಾರ ಒಪ್ಪದಿದ್ದಾಗ ಹುದ್ದೆಯನ್ನೇ ತೊರೆದರು. 1974ರಲ್ಲಿ ನಿಧನ ಹೊಂದಿದರು.

ಹಿಂದಿನ ಬೆಂಚಿನ ಹುಡುಗ ಮನೆಯ ಜಗಲಿಯಲ್ಲಿ ತೋಟದ ಹಳೆಯ ಪಂಪನ್ನೋ ಮರ ಕೊಯ್ಯುವ ಯಂತ್ರವನ್ನೋ ಬಿಚ್ಚಿ ಕುಳಿತಿರಬಹುದು. ಅವನನ್ನು ದಡ್ಡನೆನ್ನುವ ಮುನ್ನ ಅಧ್ಯಾಪಕರೂ ಹೆತ್ತವರೂ ಆದ ನಾವು ಈ ಬಾಳನ್ನು ನೆನೆಯಬೇಕು. ಪುಸ್ತಕ ಬೇಡವೆಂದಲ್ಲ, ಕೈಯ ಕಲಿಕೆಗೂ ಅಂಕವಿರಲಿ.