ಮಾಲ್ಕಮ್ ಎಕ್ಸ್: ಸೆರೆಮನೆಗೆ ಬಂದ ಕಾಗದಗಳು

ನಿಮ್ಮ ಕುಟುಂಬದಲ್ಲೋ ನೆರೆಹೊರೆಯಲ್ಲೋ ಕುಡಿತಕ್ಕೆ ಅಥವಾ ಮಾದಕ ವಸ್ತುಗಳಿಗೆ ದಾಸನಾದ ಯುವಕನೊಬ್ಬ ಇರಬಹುದು. ಓದು ತಲೆಗೆ ಹತ್ತುವುದಿಲ್ಲವೆಂದು ಎಲ್ಲರೂ ಕೈಬಿಟ್ಟ ಹುಡುಗನಿರಬಹುದು. ಅವನ ಹೆಸರೆತ್ತಲು ಮನೆಯವರೇ ನಾಚುತ್ತಾರೆ. ಇನ್ನು ಇವನು ಸರಿಹೋಗಲಾರನೆಂದು ನೀವೂ ತೀರ್ಮಾನಿಸಿದ್ದರೆ, ಮಾಲ್ಕಮ್ ಎಕ್ಸ್‌ರ ಬದುಕಿನ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಿ.

1925ರ ಮೇ 19ರಂದು ಅಮೇರಿಕದ ಒಮಾಹಾ ನಗರದಲ್ಲಿ ಒಂದು ಕಪ್ಪು ಕುಟುಂಬದಲ್ಲಿ ಅವರು ಜನಿಸಿದರು. ತಂದೆ ಕ್ರೈಸ್ತ ಬೋಧಕರು; ಕಪ್ಪು ಜನರ ಸ್ವಾಭಿಮಾನಕ್ಕಾಗಿ ದುಡಿಯುತ್ತಿದ್ದವರು. 1931ರಲ್ಲಿ ಅವರು ಟ್ರಾಮ್ ಗಾಡಿಯಡಿ ಸಿಕ್ಕಿ ಮೃತಪಟ್ಟಾಗ, ಇದು ವರ್ಣದ್ವೇಷಿಗಳ ಕೃತ್ಯವೆಂದೇ ಕುಟುಂಬ ನಂಬಿತು. ಏಳು ಮಕ್ಕಳನ್ನು ಸಾಕಲು ಹೆಣಗಿದ ತಾಯಿಯ ಮನಸ್ಸು ಕುಸಿಯಿತು. 1939ರಲ್ಲಿ ಅವರನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಮಕ್ಕಳು ಚದುರಿ ಹೋದರು.

ಇಷ್ಟಾದರೂ ಬಾಲಕ ಮಾಲ್ಕಮ್ ಓದಿನಲ್ಲಿ ಮುಂದಿದ್ದ. ಬಿಳಿಯ ಮಕ್ಕಳೇ ತುಂಬಿದ್ದ ತರಗತಿಗೆ ಅವನೇ ನಾಯಕನಾಗಿ ಆಯ್ಕೆಯಾಗಿದ್ದ. ತಾನು ವಕೀಲನಾಗಬೇಕೆಂದು ಅವನೊಮ್ಮೆ ಶಿಕ್ಷಕರಲ್ಲಿ ಹೇಳಿಕೊಂಡ. ಕಪ್ಪು ಹುಡುಗನಿಗೆ ಅದು ಸಲ್ಲದ ಆಸೆ, ಬಡಗಿಯಾಗುವುದೇ ಲೇಸು ಎಂದು ಅವರು ಬುದ್ಧಿ ಹೇಳಿದರು. ಅವರ ಮಾತಿನಲ್ಲಿ ಕೋಪವೇನೂ ಇರಲಿಲ್ಲ. ಆದರೆ ಅಂದಿನಿಂದ ಹುಡುಗನ ಮನಸ್ಸು ಶಾಲೆಯಿಂದ ದೂರವಾಯಿತು. ಎಂಟನೆಯ ತರಗತಿಗೇ ವಿದ್ಯೆ ನಿಂತಿತು. ಒಂದು ಮಾತು ಮಗುವಿನ ಭವಿಷ್ಯದ ಬಾಗಿಲನ್ನೇ ಮುಚ್ಚಬಲ್ಲುದೆಂಬುದನ್ನು ನಾವು ಅರಿತಿದ್ದೇವೆಯೇ?

ಆ ಬಳಿಕ ಬೋಸ್ಟನ್, ನಂತರ ನ್ಯೂಯಾರ್ಕಿನ ಹಾರ್ಲೆಮ್. ಅಲ್ಲಿ ಅವರನ್ನು ಸ್ವಾಗತಿಸಿದ್ದು ಜೂಜುಕಟ್ಟೆ ಮತ್ತು ಕಳ್ಳರ ಕೂಟ. ಗಾಂಜಾ, ಕೊಕೇನ್, ಕಳ್ಳತನ ಒಂದರ ಹಿಂದೆ ಒಂದು ಬಂದವು. 1946ರಲ್ಲಿ, 20ರ ಹರೆಯದಲ್ಲಿ, ಅವರಿಗೆ ಎಂಟರಿಂದ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಸೆರೆಮನೆಯಲ್ಲೂ ಕಾವಲುಗಾರರಿಗೆ ಹಣ ತೆತ್ತು ಮಾದಕ ವಸ್ತು ತರಿಸಿಕೊಳ್ಳುತ್ತಿದ್ದರು. ದೇವರನ್ನೂ ಧರ್ಮವನ್ನೂ ಬೈಯುತ್ತಿದ್ದುದರಿಂದ ಇತರ ಕೈದಿಗಳು ಅವರಿಗೆ ಸೈತಾನನೆಂದೇ ಹೆಸರಿಟ್ಟರು.

ಅಂತಹ ಮನುಷ್ಯನು ಹೇಗೆ ಬದಲಾದನು? ಮೊದಲ ನೆರವು ಬಂದದ್ದು ಜೊತೆಯಲ್ಲಿದ್ದ ಹಿರಿಯ ಕೈದಿಯೊಬ್ಬನಿಂದ. ನಿನಗೆ ಬುದ್ಧಿಯಿದೆ, ಗ್ರಂಥಾಲಯವನ್ನು ಉಪಯೋಗಿಸಿಕೋ ಎಂದು ಅವನು ಹೇಳಿದನು. ವರ್ಷಗಳ ಬಳಿಕ ಅವರ ಬುದ್ಧಿಯನ್ನು ಗುರುತಿಸಿ ಹೇಳಿದವನು ಒಬ್ಬ ಕೈದಿ!

ಎರಡನೆಯ ನೆರವು ಒಡಹುಟ್ಟಿದವರದು. ಅಣ್ಣ ಫಿಲ್ಬರ್ಟ್ ಧರ್ಮದ ವಿಷಯ ಬರೆದಾಗ ಮಾಲ್ಕಮ್ ಒರಟಾಗಿ ಉತ್ತರಿಸಿದರು. ಆದರೆ ಕಾಗದಗಳು ನಿಲ್ಲಲಿಲ್ಲ. ಸಿಗರೇಟು ಸೇದಬೇಡ, ಹಂದಿಮಾಂಸ ತಿನ್ನಬೇಡವೆಂದು ತಮ್ಮ ರೆಜಿನಾಲ್ಡ್ ಬರೆದರು. ಮಾಲ್ಕಮ್ ಎರಡನ್ನೂ ಬಿಟ್ಟರು. ಮಲಅಕ್ಕನೊಬ್ಬರು ಓಡಾಡಿ, 1948ರಲ್ಲಿ ಅವರನ್ನು ನಾರ್ಫೋಕ್ ಸೆರೆಮನೆಗೆ ವರ್ಗಾಯಿಸುವಂತೆ ಮಾಡಿದರು. ಅದು ಕೈದಿಗಳ ಸುಧಾರಣೆಗಾಗಿಯೇ ನಡೆಸಲಾಗುತ್ತಿದ್ದ ಸೆರೆಮನೆ. ಅಲ್ಲಿ ಸಮೃದ್ಧವಾದ ಗ್ರಂಥಾಲಯವಿತ್ತು, ಚರ್ಚಾಕೂಟಗಳಿದ್ದವು, ವಿಶ್ವವಿದ್ಯಾನಿಲಯಗಳಿಂದ ಬೋಧಕರು ಬರುತ್ತಿದ್ದರು.

ಆದರೆ ಓದಲು ಹೊರಟರೆ ಹೆಚ್ಚಿನ ಪದಗಳು ಅರ್ಥವಾಗುತ್ತಿರಲಿಲ್ಲ. ಒಂದು ಸಾಲನ್ನು ನೆಟ್ಟಗೆ ಬರೆಯಲೂ ಬರುತ್ತಿರಲಿಲ್ಲ. ಅವರು ನಿಘಂಟು, ಕಾಗದ ಮತ್ತು ಪೆನ್ಸಿಲ್ ಕೇಳಿ ಪಡೆದರು. ಮೊದಲ ಪುಟವನ್ನು ಚುಕ್ಕೆಯೂ ಬಿಡದೆ ನಕಲು ಮಾಡಲು ಒಂದು ದಿನ ಹಿಡಿಯಿತು. ಬರೆದುದನ್ನು ಗಟ್ಟಿಯಾಗಿ ಓದಿಕೊಂಡರು. ಹೀಗೆ ಪುಟದ ಮೇಲೆ ಪುಟ ಸಾಗಿತು. ರಾತ್ರಿ ಹತ್ತಕ್ಕೆ ದೀಪವಾರಿದ ಮೇಲೆ ಓಣಿಯ ಮಂದ ಬೆಳಕಿನಲ್ಲಿ ನೆಲದ ಮೇಲೆ ಕುಳಿತು ಓದುವರು. ಕಾವಲುಗಾರನ ಹೆಜ್ಜೆ ಕೇಳಿದೊಡನೆ ಹಾಸಿಗೆಗೆ ಜಿಗಿದು ಮಲಗಿದಂತೆ ನಟಿಸುವರು. ಕಣ್ಣಿಗೆ ಕನ್ನಡಕ ಬಂತು. ಬುದ್ಧಿಗೆ ಬೆಳಕು ಬಂತು.

1952ರಲ್ಲಿ ಬಿಡುಗಡೆಯಾದಾಗ ಅವರು ಹಳೆಯ ಕೂಟಕ್ಕೆ ಮರಳಲಿಲ್ಲ. ಹಿರಿಯಣ್ಣ ವಿಲ್ಫ್ರೆಡ್ ತನ್ನ ಮನೆಯಲ್ಲಿ ಸ್ಥಳವನ್ನೂ, ತಾನು ದುಡಿಯುತ್ತಿದ್ದ ಪೀಠೋಪಕರಣದ ಅಂಗಡಿಯಲ್ಲಿ ಕೆಲಸವನ್ನೂ ಒದಗಿಸಿದ್ದರು. ಮುಂಜಾನೆ ಮನೆಮಂದಿಯೆಲ್ಲ ಶುದ್ಧರಾಗಿ ಒಟ್ಟಿಗೆ ಪ್ರಾರ್ಥಿಸುತ್ತಿದ್ದ ಆ ಮನೆಯ ಶಿಸ್ತು ಅವರನ್ನು ಬಹುವಾಗಿ ಸೆಳೆಯಿತು.

ಕುಟುಂಬವು ಸೇರಿದ್ದ ನೇಷನ್ ಆಫ್ ಇಸ್ಲಾಮ್ ಎಂಬ ಸಂಘಟನೆಯ ಬೋಧನೆ ಇಸ್ಲಾಮಿನ ಮೂಲ ವಿಶ್ವಾಸಗಳಿಂದ ದೂರವಾಗಿತ್ತು, ಜನಾಂಗಭೇದದಿಂದ ಕೂಡಿತ್ತು. ಆದರೂ ವ್ಯಸನಿಗಳ ವಿಷಯದಲ್ಲಿ ಅವರ ಕ್ರಮವನ್ನು ಗಮನಿಸಬೇಕು. ಚಟ ಬಿಟ್ಟವನೇ ತನ್ನ ಹಳೆಯ ಸಂಗಾತಿಯನ್ನು ಹುಡುಕಿ ಹೋಗುವನು, ತಾಳ್ಮೆಯಿಂದ ಅವನ ವಿಶ್ವಾಸ ಗಳಿಸುವನು. ಬಿಡುವಾಗಿನ ಯಾತನೆಯ ದಿನಗಳಲ್ಲಿ ಸಹೋದರರು ಹಗಲಿರುಳು ಪಕ್ಕದಲ್ಲಿರುವರು. ದೀರ್ಘಕಾಲ ಕುಡಿದವನು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಇದಕ್ಕೆ ವೈದ್ಯರ ನೆರವೂ ಅಗತ್ಯ. ಆದರೆ ವೈದ್ಯರು ಔಷಧಿ ಕೊಡಬಲ್ಲರು. ಅಣ್ಣನ ಮನೆಯನ್ನು ಕೊಡಲಾರರು.

1964ರಲ್ಲಿ ಮಾಲ್ಕಮ್ ಆ ಸಂಘಟನೆಯನ್ನು ತೊರೆದು ಹಜ್ಜ್ ಯಾತ್ರೆ ಕೈಗೊಂಡರು. ಎಲ್ಲ ಬಣ್ಣದವರೂ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಅಲ್ಲಿ ಕಂಡರು. ಬಿಳಿಯರೆಲ್ಲರೂ ಕೆಟ್ಟವರೆಂಬ ತಮ್ಮ ಹಳೆಯ ನಿಲುವನ್ನು ಬಹಿರಂಗವಾಗಿ ಬಿಟ್ಟರು. ಅಲ್‌ಹಾಜ್ ಮಲಿಕ್ ಶಬಾಝ್ ಆಗಿ ಮರಳಿದ ಅವರನ್ನು 1965ರ ಫೆಬ್ರವರಿ 21ರಂದು ನ್ಯೂಯಾರ್ಕಿನ ಸಭೆಯೊಂದರಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರ ವಯಸ್ಸು 39.

ಓದುಗರೇ, ಶಾಲೆ ಬಿಟ್ಟ ಹುಡುಗನಲ್ಲೂ ನಿಘಂಟನ್ನು ನಕಲು ಮಾಡಿದ ಕೈದಿಯಲ್ಲೂ ಇದ್ದ ಬುದ್ಧಿ ಒಂದೇ. ಬದಲಾದದ್ದು ಸುತ್ತಲಿನ ಜನ. ಮದ್ಯಪಾನಕ್ಕಾಗಿ ಪದೇ ಪದೇ ಶಿಕ್ಷೆಗೊಳಗಾದ ಒಬ್ಬರನ್ನು ಯಾರೋ ಶಪಿಸಿದಾಗ ಪ್ರವಾದಿಯವರು(ಸ) ತಡೆದರು. ಆತನಿಗೆ ಅಲ್ಲಾಹ್ ಮತ್ತು ರಸೂಲರ ಮೇಲಿರುವ ಪ್ರೀತಿಯನ್ನು ನೆನಪಿಸಿದರು. ಪಾಪವನ್ನು ಪಾಪವೆಂದೇ ಹೇಳಿದರು, ಮನುಷ್ಯನನ್ನು ಹೊರದೂಡಲಿಲ್ಲ. ನಮ್ಮ ಮನೆಯ ಆ ಯುವಕನಿಗೆ ಇಂದು ಊಟದ ಸುಪ್ರದಲ್ಲಿ ಜಾಗವಿದೆಯೇ? ಅವನು ಒರಟಾಗಿ ಉತ್ತರಿಸಿದ ಮೇಲೂ ಎರಡನೆಯ ಬಾರಿ ಮಾತನಾಡಿಸಲು ನಾವು ಸಿದ್ಧರಿದ್ದೇವೆಯೇ? ಆ ತಾಳ್ಮೆಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.