ವೈದ್ಯನಿಲ್ಲದ ಮನೆಗಾಗಿ ಗ್ರಂಥ ಬರೆದ ವೈದ್ಯ

ಸಾವಿರದ ನೂರು ವರ್ಷಗಳ ಹಿಂದಿನ ಒಂದು ಪಾಠದ ಸಭೆ. ಗುರುಗಳ ಮುಂದೆ ಶಿಷ್ಯರು ಸಾಲು ಸಾಲಾಗಿ ಕುಳಿತಿದ್ದಾರೆ. ರೋಗಿಯೊಬ್ಬ ಬಂದರೆ ಮೊದಲು ಅವನ ಅಹವಾಲು ಕೇಳುವವರು ಹೊರಸಾಲಿನ ಶಿಷ್ಯರು. ಅವರಿಗೆ ರೋಗ ತಿಳಿಯದಿದ್ದರೆ ಒಳಸಾಲಿನವರ ಬಳಿಗೆ ಕಳುಹಿಸುತ್ತಾರೆ. ಅವರಿಗೂ ತಿಳಿಯದಿದ್ದರೆ ಗುರುಗಳೇ ಬಾಯಿ ತೆರೆಯುತ್ತಾರೆ. ತಿಳಿದದ್ದನ್ನು ಹೇಳುವುದು, ತಿಳಿಯದಿದ್ದರೆ ತಿಳಿದವರ ಬಳಿಗೆ ಕಳುಹಿಸುವುದು, ಇದೇ ಅಲ್ಲಿಯ ಕ್ರಮ.

ಆ ಗುರುವೇ ಅಬೂಬಕ್ರ್ ಮುಹಮ್ಮದ್ ಬಿನ್ ಝಕರಿಯ್ಯಾ ಅಲ್ ರಾಝಿ. ಈಗಿನ ತೆಹ್ರಾನಿನ ಸಮೀಪದ ರಯ್ ಎಂಬ ಊರಿನಲ್ಲಿ ಸುಮಾರು ಕ್ರಿ.ಶ. 865ರಲ್ಲಿ ಜನಿಸಿದರು. ಎಳೆಯ ಪ್ರಾಯದಲ್ಲಿ ಅವರ ಒಲವು ಸಂಗೀತ, ರಸವಿದ್ಯೆಗಳ ಕಡೆಗಿತ್ತು. ವೈದ್ಯಶಾಸ್ತ್ರಕ್ಕೆ ಅವರು ಬಂದದ್ದು ತಡವಾಗಿ. ಆದರೂ ಮೊದಲು ರಯ್‌ನ, ಬಳಿಕ ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾದರು. ತತ್ವಶಾಸ್ತ್ರದಲ್ಲಿ ಅವರ ಕೆಲವು ಅಭಿಪ್ರಾಯಗಳನ್ನು ಉಲಮಾಗಳು ಒಪ್ಪಲಿಲ್ಲ. ಆದರೆ ವೈದ್ಯರಾಗಿ ಅವರ ಹಿರಿಮೆಯನ್ನು ಅಲ್ಲಗಳೆದವರು ವಿರಳ. ಬಡರೋಗಿಗಳ ಮೇಲೆ ಅವರಿಗೆ ಅಪಾರ ಕನಿಕರವಿತ್ತು. ಅವರ ಆರೈಕೆಗೆ ತಮ್ಮ ಕೈಯಿಂದಲೇ ಖರ್ಚು ಮಾಡುತ್ತಿದ್ದರು.

ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಲಕ್ಷಣಗಳನ್ನು ಹೋಲಿಸಿ ವಿವರಿಸುವ ಪ್ರತ್ಯೇಕ ಗ್ರಂಥವನ್ನೇ ಅವರು ಬರೆದರು. ಬೆನ್ನುನೋವು ಸಿಡುಬಿನಲ್ಲಿ ಹೆಚ್ಚು, ವಾಕರಿಕೆ ಮತ್ತು ತಳಮಳ ದಡಾರದಲ್ಲಿ ಹೆಚ್ಚು ಎಂದು ಅವರು ಗುರುತಿಸಿದರು. ಗ್ರೀಕ್ ವೈದ್ಯ ಗೇಲನ್‌ನನ್ನು ಗುರುವೆಂದು ಗೌರವಿಸುತ್ತಲೇ, ತಮ್ಮ ರೋಗಿಗಳಲ್ಲಿ ಕಂಡದ್ದು ಅವನ ಮಾತಿಗೆ ಹೊಂದದಿದ್ದಾಗ ಹಾಗೆಂದು ಬರೆದರು. ಜೀವಮಾನವಿಡೀ ಅವರು ಬರೆದಿಟ್ಟ ಟಿಪ್ಪಣಿಗಳು ಅವರ ಮರಣಾನಂತರ ಅಲ್ ಹಾವಿ ಎಂಬ ಬೃಹತ್ ಗ್ರಂಥವಾದವು. ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಅದು ಯುರೋಪಿನಲ್ಲೂ ಪ್ರಸಿದ್ಧವಾಯಿತು.

ಆದರೆ ನಮ್ಮ ಮನೆಗಳಿಗೆ ಹತ್ತಿರವಾದ ಅವರ ಗ್ರಂಥ ಇನ್ನೊಂದಿದೆ. ವೈದ್ಯ ಹತ್ತಿರವಿಲ್ಲದವನಿಗಾಗಿ ಎಂಬುದೇ ಅದರ ಹೆಸರಿನ ಅರ್ಥ. ಬಡವರಿಗೆ, ಪ್ರಯಾಣಿಕರಿಗೆ, ಸಾಮಾನ್ಯ ಜನರಿಗೆ ಅದನ್ನು ಬರೆದರು. ಅಂಗಡಿಯಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಮಾಡಬಹುದಾದ ಮದ್ದುಗಳನ್ನು ಅದರಲ್ಲಿ ಹೇಳಿದರು. ಆರೋಗ್ಯದ ಅರಿವು ವೈದ್ಯನ ಪೆಟ್ಟಿಗೆಯಲ್ಲಿ ಮಾತ್ರ ಇರಬೇಕಾದ ಗುಟ್ಟಲ್ಲ ಎಂಬುದನ್ನು ಅವರು ಹೀಗೆ ತೋರಿಸಿಕೊಟ್ಟರು. ಜೊತೆಗೆ, ಜನರು ನುರಿತ ವೈದ್ಯರನ್ನು ಬಿಟ್ಟು ನಕಲಿ ವೈದ್ಯರ ಬೆನ್ನು ಹತ್ತುವುದೇಕೆ ಎಂಬ ವಿಷಯದ ಮೇಲೂ ಲೇಖನಿ ಹರಿಸಿದರು.

ವೃದ್ಧಾಪ್ಯದಲ್ಲಿ ಅವರ ದೃಷ್ಟಿ ಹೋಯಿತು. ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಂದವನೊಡನೆ, ಕಣ್ಣಿಗೆ ಎಷ್ಟು ಪದರಗಳಿವೆಯೆಂದು ಅವರು ಕೇಳಿದರಂತೆ. ಉತ್ತರ ಬರಲಿಲ್ಲ. ಅಂಥವನ ಕೈಗೆ ಕಣ್ಣು ಕೊಡಲು ಅವರು ಒಪ್ಪಲಿಲ್ಲವೆಂಬ ಕಥೆ ಪ್ರಚಲಿತವಿದೆ. ಸುಮಾರು 925ರಲ್ಲಿ ಹುಟ್ಟೂರಿನಲ್ಲೇ ನಿಧನರಾದರು.

ಅವರ ಕಾಲದ ಮದ್ದುಗಳು ಇಂದು ನಮಗೆ ಬೇಕಿಲ್ಲ, ಅವರ ಕ್ರಮ ಬೇಕು. ಇಂದು ನಮ್ಮ ಮಕ್ಕಳು ವಿಶ್ವವಿದ್ಯಾನಿಲಯದ ಮೆಟ್ಟಿಲೇರಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ದಪ್ಪ ದಪ್ಪ ಪುಸ್ತಕ ಓದಿ ಪರೀಕ್ಷೆ ಗೆಲ್ಲುತ್ತಾರೆ. ಆದರೆ ಹಾಸ್ಟೆಲಿನಲ್ಲಿ ಜ್ವರ ಬಂದಾಗ ಗೆಳೆಯನ ಬಳಿ ಉಳಿದ ಮಾತ್ರೆಯನ್ನೇ ನುಂಗುವವರು ಅವರಲ್ಲೂ ಇದ್ದಾರೆ. ಮಾತ್ರೆಯ ಪಟ್ಟಿಯ ಮೇಲಿನ ದಿನಾಂಕ ಓದುವುದಿಲ್ಲ. ವೈದ್ಯರ ಮುಂದೆ ಕುಳಿತು ಒಂದು ಪ್ರಶ್ನೆ ಕೇಳಲು ಸಂಕೋಚಪಡುತ್ತಾರೆ. ಪದವಿ ಬಂದ ಮಾತ್ರಕ್ಕೆ ಈ ಅರಿವು ಬಂದುಬಿಡುವುದಿಲ್ಲ. ದೇಹವು ಅಲ್ಲಾಹನು ನಮ್ಮಲ್ಲಿಟ್ಟ ಅಮಾನತ್ತು. ಏನು ನುಂಗುತ್ತಿದ್ದೇನೆ, ಯಾಕೆ, ಎಷ್ಟು ದಿನ ಎಂದು ಕೇಳುವುದು ಆ ಅಮಾನತ್ತನ್ನು ಕಾಯುವ ಮೊದಲ ಹೆಜ್ಜೆ. ರಜೆಗೆ ಮನೆಗೆ ಬಂದ ಮಗನನ್ನು, ಮಗಳನ್ನು ಅಂಕಗಳ ಬಗ್ಗೆ ವಿಚಾರಿಸುವಾಗ ಇದನ್ನೂ ಒಮ್ಮೆ ವಿಚಾರಿಸೋಣ.