ಮಣಿಮಂಗಲ ಮತ್ತು ಇಮ್ಮಡಿ ಪುಲಿಕೇಶಿ

ತಾಂಬರಂನಿಂದ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದಲ್ಲಿ ಮಣಿಮಂಗಲವೆಂಬ ಊರಿದೆ. ಚೆನ್ನೈ ಕನ್ನಡಿಗರಾದ ನಾವು ಅತ್ತ ಹೋಗುವುದು ಅಪರೂಪ. ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಿಕೇಶಿಯ ಭಾಗ್ಯ ತಿರುಗಿದ ರಣರಂಗಗಳಲ್ಲಿ ಅದೂ ಒಂದು.

ಪುಲಿಕೇಶಿ ಒಂದನೆಯ ಕೀರ್ತಿವರ್ಮನ ಮಗ. ತಂದೆ ತೀರಿಕೊಂಡಾಗ ಅವನಿನ್ನೂ ಬಾಲಕನಾದ್ದರಿಂದ ಚಿಕ್ಕಪ್ಪ ಮಂಗಳೇಶ ರಾಜ್ಯವಾಳಿದನು. ಮಂಗಳೇಶ ಸಿಂಹಾಸನವನ್ನು ತನ್ನ ಮಗನಿಗೇ ಉಳಿಸಲು ಹವಣಿಸಿದಾಗ ಅಂತಃಕಲಹವೆದ್ದು, ಅದರಲ್ಲಿ ಮಡಿದನು. ಕ್ರಿ.ಶ. 610ರ ಸುಮಾರಿಗೆ ಪುಲಿಕೇಶಿ ಪಟ್ಟವೇರಿದನು. ಬನವಾಸಿಯ ಕದಂಬರು, ಗಂಗರು, ಆಳುಪರು, ಕೊಂಕಣದ ಮೌರ್ಯರು ಅವನಿಗೆ ಮಣಿದರು. ಉತ್ತರಾಪಥದ ಹರ್ಷವರ್ಧನನನ್ನು ಅವನು ನರ್ಮದೆಯ ಬಳಿ ತಡೆದನು. ವೇಂಗಿಯನ್ನು ಗೆದ್ದು ತಮ್ಮ ಕುಬ್ಜ ವಿಷ್ಣುವರ್ಧನನಿಗೆ ವಹಿಸಿದನು. ಪಲ್ಲವ ಮಹೇಂದ್ರವರ್ಮನನ್ನು ಕಂಚಿಯ ಕೋಟೆಯೊಳಕ್ಕೆ ಅಟ್ಟಿ ಕಾವೇರಿಯನ್ನು ದಾಟಿದನು. ಕವಿ ರವಿಕೀರ್ತಿ 634ರ ಐಹೊಳೆಯ ಶಾಸನದಲ್ಲಿ ಈ ವಿಜಯಗಳನ್ನು ಕೊಂಡಾಡಿದ್ದಾನೆ.

ಆದರೆ ಕಂಚಿ ಅವನ ವಶವಾಗಲಿಲ್ಲ. ಸೋತ ವೈರಿಯ ಬಲವೂ ಅಳಿಯಲಿಲ್ಲ. ಇದಕ್ಕೆ ಆರು ಶತಮಾನ ಮೊದಲು ರೋಮ್ ಇಂಥದೇ ಪಾಠ ಕಲಿತಿತ್ತು. ಆಗಸ್ಟಸನ ಸೈನ್ಯಗಳು ರೈನ್ ನದಿಯನ್ನು ದಾಟಿ ಜರ್ಮನ್ ಬುಡಕಟ್ಟುಗಳನ್ನು ವರ್ಷಗಟ್ಟಲೆ ಮಣಿಸಿದ್ದವು. ನಾಡು ತಮ್ಮದಾಯಿತೆಂದು ನಂಬಿದ್ದಾಗಲೇ, ಕ್ರಿ.ಶ. 9ರಲ್ಲಿ, ಟ್ಯೂಟೊಬರ್ಗ್ ಕಾಡಿನಲ್ಲಿ ಸೇನಾನಿ ವಾರುಸನ ಮೂರು ದಳಗಳು ನಾಶವಾದವು. ಕೆಲವು ವರ್ಷಗಳಲ್ಲಿ ರೋಮ್ ರೈನ್ ನದಿಯವರೆಗೆ ಹಿಂದೆ ಸರಿದು ತನ್ನನ್ನು ಕಾಪಾಡಿಕೊಂಡಿತು.

ಪುಲಿಕೇಶಿಗೆ ಅಂಥ ಅವಕಾಶ ಸಿಗಲಿಲ್ಲ. 641ರ ಸುಮಾರಿಗೆ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್ ಕಂಡದ್ದು ಯಾರಿಗೂ ಬಗ್ಗದ ಅರಸನನ್ನು. ಆದರೆ ಮಹೇಂದ್ರನ ಮಗ ನರಸಿಂಹವರ್ಮ ಪರಿಯಳ, ಮಣಿಮಂಗಲ, ಶೂರಮಾರಗಳಲ್ಲಿ ಅವನನ್ನು ಸೋಲಿಸಿದನೆಂದು ಪಲ್ಲವರ ಕೂರಂ ತಾಮ್ರಶಾಸನ ಹೇಳುತ್ತದೆ. 642ರಲ್ಲಿ ಬಾದಾಮಿಯೇ ಶತ್ರುವಶವಾಯಿತು. ಪುಲಿಕೇಶಿ ಆ ಯುದ್ಧದಲ್ಲಿ ಮಡಿದನೆಂಬುದು ಇತಿಹಾಸಕಾರರ ಅಭಿಪ್ರಾಯ. ರಾಜಧಾನಿಯನ್ನು ಮರಳಿ ಪಡೆಯಲು ಮಗ ಒಂದನೆಯ ವಿಕ್ರಮಾದಿತ್ಯನಿಗೆ ಸುಮಾರು 13 ವರ್ಷ ಹಿಡಿಯಿತು.

ಈ ನಗರದಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಪುಲಿಕೇಶಿಯ ಗೆಲುವನ್ನೂ, ಶಾಲೆಯಲ್ಲಿ ವಾತಾಪಿಯನ್ನು ಗೆದ್ದ ನರಸಿಂಹವರ್ಮನ ಗೆಲುವನ್ನೂ ಕೇಳುತ್ತಾರೆ. ಎರಡೂ ನಿಜ. ಒಂದನ್ನು ಮರೆಮಾಡಿ ಇನ್ನೊಂದನ್ನಷ್ಟೇ ಹೇಳಿದರೆ ಅದು ಅಭಿಮಾನವಾದೀತು, ಇತಿಹಾಸವಾಗದು. ಎಂಟನೆಯ ಶತಮಾನದಲ್ಲಿ ಇದೇ ವಂಶದ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ನಗರವನ್ನು ಹಾಳುಗೆಡವದೆ, ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿದನು. ಅದನ್ನು ಸಾರುವ ಕನ್ನಡ ಶಾಸನ ಇಂದಿಗೂ ಆ ಗುಡಿಯ ಕಂಬದ ಮೇಲಿದೆ. ಕಂಚಿಗೆ ಹೋದಾಗ ನಾವು ಅದನ್ನು ಮಕ್ಕಳಿಗೆ ತೋರಿಸೋಣ. ಬರುವ ದಾರಿಯಲ್ಲಿ ಮಣಿಮಂಗಲವನ್ನೂ.